ನಗು ಬಂದ ಮೇಲಿನ ಸದ್ದು

ಆ ಮನೆಯಲ್ಲಿ ಕಿರಿಕಿರಿ ಶುರುವಾಗಿದ್ದು ಮಹಡಿ ಮೇಲಿನ ಒಂದೇ ಒಂದು ರೂಮಿನ ದೆಸೆಯಿಂದ. ಮಳೆ ಬಂದರೆ ಅಲ್ಲಿ ಹಗ್ಗ ಕಟ್ಟಿ ಬಟ್ಟೆ ಹಾಕುತ್ತಿದ್ದರು, ಬಿಸಿಲಾದರೆ ಈರುಳ್ಳಿ ಹರಡುತ್ತಿದ್ದರು. ಕಾಲು ಮುರಿದ ಕುರ್ಚಿ, ತಿರುಗದ ಫ್ಯಾನು, ಯಾರಿಗೂ ಬಿಸಾಕಲು ಮನಸ್ಸು ಬಾರದ ಹಳೇ ತೊಟ್ಟಿಲು, ಎಲ್ಲಕ್ಕೂ ಅದೇ ಗತಿ. ಒಂದು ಸಂಜೆ ಊಟಕ್ಕೆ ಕೂತ ಮಗ ತಟ್ಟೆ ಮುಂದೆ ಎಳೆದುಕೊಳ್ಳುತ್ತಾ, "ಆ ರೂಮನ್ನ ಸಿನಿಮಾ ರೂಮು ಮಾಡ್ತೀನಿ" ಅಂದುಬಿಟ್ಟ.

"ಬಟ್ಟೆ?" ಅಂದಳು ಅವನ ತಾಯಿ.

"ಒಣಗಿಸೋ ಮೆಷೀನು ತಗೊಳ್ಳೋಣ."

"ಈರುಳ್ಳಿ ಒಣಗಿಸೋ ಮೆಷೀನೂ ಬರುತ್ತಾ?"

ಮೊಮ್ಮಗಳು ಚೂಟಿ ಕಿಸಕ್ಕನೆ ನಕ್ಕು ಅನ್ನ ನೆತ್ತಿಗೇರಿಸಿಕೊಂಡಳು. ಅವಳಿಗೆ ನೀರು ಕೊಟ್ಟು, ಬೆನ್ನು ತಟ್ಟಿ, ಎಲ್ಲ ಸರಿಹೋಗುವ ಹೊತ್ತಿಗೆ ಮಗ ಮಾತು ಮುಗಿಸಿಯೇ ಬಿಟ್ಟಿದ್ದ. ಗೋಡೆಯಗಲ ಪರದೆ. ಕೂರೋಕೆ ಒಂದು ಉದ್ದ ಸೋಫಾ. ಎಲ್ಲಕ್ಕಿಂತ ಮೊದಲು ಸ್ಪೀಕರು. ಬಡಪೆಟ್ಟಿಗೆ ಒಪ್ಪೋದಿಲ್ಲ, ಒಂದೊಂದನ್ನೂ ಕೇಳಿ, ತೂಗಿ ನೋಡಿಯೇ ತರೋದು.

ತಾಯಿಯನ್ನು ಬೀದಿಯವರೆಲ್ಲ ಬೇಕರಿಯಮ್ಮ ಅನ್ನುತ್ತಿದ್ದರು. ಅರ್ಧ ಆಯಸ್ಸು ಅವಳು ಬೇಕರಿಯ ಒಲೆಯ ಮುಂದೆ ಕಳೆದವಳು. ಚೂಟಿ ಹುಟ್ಟಿದ ಮೇಲೆ ಮಗು ನೋಡಿಕೊಳ್ಳೋಕೆ ಅಂತ ಕೆಲಸ ಬಿಟ್ಟಳು, ಹೆಸರು ಮಾತ್ರ ಅವಳನ್ನು ಬಿಡಲಿಲ್ಲ. ಅವಳ ಗಂಡ ಬಸ್ ಕಂಡಕ್ಟರಾಗಿದ್ದು ರಿಟೈರಾದವನು. ಮಗನದು ಕನ್ನಡಕದ ಅಂಗಡಿ. ಬೆಳಗಿನಿಂದ ಸಂಜೆವರೆಗೆ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಇಲ್ಲಾ ಅದಾ?" ಎಂದು ಕೇಳೋದೇ ಅವನ ಕಸುಬು. ಮನೆಗೆ ಬಂದರೂ ಆ ಚಾಳಿ ಹೋಗುತ್ತಿರಲಿಲ್ಲ. ಸಾಬೂನು ತಂದರೂ ಎರಡು ತಂದು, ಮೊದಲನೇದಾ ಎರಡನೇದಾ ಅಂತ ಎಲ್ಲರ ಪ್ರಾಣ ಹಿಂಡುವನು. ಸೊಸೆ ಪರದೆ ಅಂಗಡಿಯಲ್ಲಿ ಹೊಲಿಗೆಯವಳು. ದೊಡ್ಡ ದೊಡ್ಡ ಮನೆಗಳ ಕಿಟಕಿಗೆ ಪರದೆ ಹೊಲಿದು, ತನ್ನ ಮನೆಯ ಕಿಟಕಿಗೆ ಹಳೇ ಸೀರೆ ಕಟ್ಟಿಕೊಂಡಿದ್ದಳು.

"ಆ ದುಡ್ಡಿಗೆ ಕೆಳಗಿನ ನಲ್ಲಿ, ಬಚ್ಚಲು, ಎಲ್ಲಾ ಸರಿ ಮಾಡಿಸಬಹುದಿತ್ತು" ಅಂದಳು ಸೊಸೆ ಪಾತ್ರೆ ತೊಳೆಯುತ್ತಾ.

"ನಾನು ನಲ್ಲಿ ನೋಡ್ಕೊಂಡು ಕೂತ್ಕೊಳ್ಳೋಕಾಗುತ್ತೇನೇ?" ಅಂದ ಮಗ.

"ಅವನಿಗೇನೋ ಆಸೆ, ಬಿಡು" ಅಂದ ತಾತ. ಅವನಿಗೆ ಹೊಡೆದಾಟದ ಸಿನಿಮಾ ಅಂದರೆ ಪ್ರಾಣ. "ನಾನಿರೋವಾಗಲೇ ಆಗಲಿ. ರೈಟ್!"

ತಾತ ರೈಟ್ ಅಂದ ಮೇಲೆ ಗಾಡಿ ಹೊರಟಂತೆಯೇ.

ಭಾನುವಾರ ಐದು ಜನವೂ ಸ್ಪೀಕರಿನ ಅಂಗಡಿಗೆ ಹೋದರು. ಒಳಗೊಂದು ಕತ್ತಲೆ ರೂಮು, ಕಾಲು ಹೂತುಹೋಗುವ ಜಮಖಾನ, ಗೋಡೆಗುಂಟ ಫೋಟೋ ತೆಗೆಸಿಕೊಳ್ಳಲು ನಿಂತವರ ಹಾಗೆ ಸಾಲಾಗಿ ನಿಂತ ಸ್ಪೀಕರುಗಳು. ಸ್ಪೀಕರಿನವನು ತೆಳ್ಳಗೆ, ಬೆಳ್ಳಗೆ, ಮಾತಿನಲ್ಲಿ ಬೆಣ್ಣೆ. ಒಂದರ ಬೆನ್ನು ಸವರಿ ಇನ್ನೊಂದರ ಹತ್ತಿರ ಹೋಗುವಾಗ ಮೊದಲನೇದಕ್ಕೆ ಬೇಜಾರಾಗದಂತೆ ನೋಡಿಕೊಳ್ಳುತ್ತಿದ್ದ. ಒಂದು ಹಾಡು ಹಾಕಿದ.

"ಜೋರಾಗಿದೆ, ತಗೋ" ಅಂದ ತಾತ.

ಇನ್ನೊಂದರಲ್ಲಿ ಹಾಕಿದ.

"ಇದೂ ಜೋರಾಗಿದೆ. ಇದನ್ನೂ ತಗೋ."

"ಹಾಡು ಮೋಸ ಮಾಡುತ್ತೆ ಯಜಮಾನ್ರೇ" ಅಂದ ಸ್ಪೀಕರಿನವನು. "ಹಾಡು ಯಾವ ಡಬ್ಬದಲ್ಲಿ ಹಾಕಿದ್ರೂ ಹಾಡೇ. ನಿಮಗೆ ಬಹಳ ಚೆನ್ನಾಗಿ ಪರಿಚಯ ಇರೋ ಸದ್ದು ಯಾವುದಾದ್ರೂ ಇದ್ರೆ ಕೊಡಿ. ಮನುಷ್ಯರ ದನಿ ಆದ್ರೆ ಇನ್ನೂ ಒಳ್ಳೇದು. ಎಲ್ಲದರಲ್ಲೂ ಅದನ್ನೇ ಹಾಕಿ ನೋಡೋಣ, ಯಾವುದು ಎಷ್ಟು ಸಾಚಾ ಅಂತ ತಾನೇ ತಿಳಿಯುತ್ತೆ."

ಮಗ ಹಿಂದೆಮುಂದೆ ನೋಡದೆ ಫೋನು ತೆಗೆದ. "ಇದಕ್ಕಿಂತ ಪರಿಚಯ ಇರೋ ಸದ್ದು ನನಗೆ ಇನ್ನೊಂದಿಲ್ಲ."

ಚೂಟಿ ಎಂಟು ತಿಂಗಳ ಕೂಸಾಗಿದ್ದಾಗಿನ ಮಾತು. ಮಗ ಒಂದು ಪುಟ್ಟ ರೆಕಾರ್ಡರು ಕೊಂಡು, ಯಾರಿಗೂ ಹೇಳದೆ ತೊಟ್ಟಿಲಿನ ಹಗ್ಗಕ್ಕೆ ಕಟ್ಟಿ, ಓಡಲು ಬಿಟ್ಟು ಅಂಗಡಿಗೆ ಹೋಗಿದ್ದ. ಆ ಬೆಳಗಿನ ತೊದಲು, ನಗು ಎಲ್ಲ ಅದರಲ್ಲಿತ್ತು. ಆಮೇಲೆ ಅದನ್ನು ಫೋನಿನಿಂದ ಫೋನಿಗೆ ದಾಟಿಸಿಕೊಂಡು ಕಾಪಾಡಿದ್ದ.

ಕತ್ತಲೆ ರೂಮಿನಲ್ಲಿ ಎಳೆಗೂಸು ಬಂದು ಕೂತಂತಾಯಿತು. ತ್ತ, ತ್ತ, ಬ್ಬ ಅನ್ನುತ್ತಾ ಜೊಲ್ಲು ಗುಳ್ಳೆ ಮಾಡಿತು. ಆಮೇಲೆ ಫುಸ್ ಎಂದು ಏನೋ ಒಂದು ಸದ್ದು. ಅದರ ಬೆನ್ನಿಗೇ ಕೂಸು ಕಚಗುಳಿ ಇಟ್ಟಂತೆ ಕೇಕೆ ಹಾಕಿ ನಕ್ಕಿತು. ಮಗ ಅಲ್ಲಿಗೆ ನಿಲ್ಲಿಸಿದ.

"ನಾನಾ ಅದು? ಛೀ, ಎಷ್ಟು ಜೊಲ್ಲು!" ಅಂದಳು ಚೂಟಿ.

"ನೀನೇ ಕಣೇ" ಅಂದಳು ಬೇಕರಿಯಮ್ಮ. ಅವಳ ಕಣ್ಣು ಒದ್ದೆಯಾಗಿತ್ತು.

"ಆ ಫುಸ್ ಅಂದಿದ್ದೇನು? ಟೈರಿನ ಗಾಳಿ ಬಿಟ್ಟ ಹಾಗೆ" ಅಂದ ತಾತ.

"ಹಳೇ ರೆಕಾರ್ಡಿಂಗಲ್ವಾ, ಬರುತ್ತೆ" ಅಂದ ಸ್ಪೀಕರಿನವನು. "ಒಳ್ಳೇ ಸ್ಪೀಕರಿನಲ್ಲಿ ಅದೂ ಬಿಡಿಸಿಕೊಂಡು ಕೇಳುತ್ತೆ, ನೋಡ್ತಾ ಇರಿ."

"ಹೊತ್ತಾಯ್ತು, ಹೋಗೋಣ್ವಾ" ಅಂದು ಸೊಸೆ ಎದ್ದು ನಿಂತಿದ್ದಳು.

ಮುಂದಿನ ವಾರ ಸ್ಪೀಕರಿನವನು ಒಂದು ಸಣ್ಣ ಜೋಡಿ ಮನೆಗೇ ತಂದಿಟ್ಟ. ಅವನ ಅಂಗಡಿಯ ಪದ್ಧತಿ ಹಾಗೆ. ಒಂದು ವಾರ ಇಟ್ಟುಕೊಂಡು ಕೇಳಿ, ಬೇಡವೆಂದರೆ ಬೇರೆ ತರುವುದು. ರೂಮಿನಿಂದ ಈರುಳ್ಳಿ ಕೆಳಗಿಳಿದು ಅಡುಗೆಮನೆಯ ಮೂಲೆ ಸೇರಿತು, ಒದ್ದೆ ಬಟ್ಟೆ ನಡುಮನೆಯ ಕುರ್ಚಿಗಳ ಮೇಲೆ ಬಂತು. ತೊಟ್ಟಿಲನ್ನು ಮಾತ್ರ ಎಲ್ಲಿಡುವುದೋ ತಿಳಿಯದೆ ಗೋಡೆಗೆ ಒರಗಿಸಿದರು.

ಮಗ ಫೋನಿನಿಂದ ಕೂಸಿನ ಸದ್ದು ಹಾಕಿ, ಫೋನನ್ನು ತೊಟ್ಟಿಲ ಮೇಲಿಟ್ಟು, ಸ್ಪೀಕರಿನ ಕೆಳಗೆ ಇಡಲು ಇಟ್ಟಿಗೆ ತರಲು ಹೋದ. ತೊದಲು ಆಯಿತು. ಫುಸ್ ಎಂಬುದು ಈ ಸಲ ಯಾರೋ ಉಸಿರುಬಿಟ್ಟ ಹಾಗೆ ಕೇಳಿತು. ನಗುವೂ ಆಯಿತು. ಮಗ ಇನ್ನೂ ಬಂದಿರಲಿಲ್ಲ. ಸದ್ದು ಮುಂದೆ ಹೋಯಿತು. ಬಾಗಿಲು ಹಾಕಿದ್ದು, ಪಾತ್ರೆ ಕುಕ್ಕಿದ್ದು, ಆಮೇಲೆ ಖೊಳ್ ಖೊಳ್ ಎಂದು ಒಂದು ಕೆಮ್ಮು.

"ಏ, ನಿನ್ನ ತಂಗಿ ಕೆಮ್ಮಲ್ವೇನೇ ಇದು!" ತಾತ ತೊಡೆ ತಟ್ಟಿಕೊಂಡ. "ಆ ಕೆಮ್ಮು ಭೂಮಿ ಮೇಲೆ ಇನ್ನೊಬ್ಬರಿಗಿಲ್ಲ. ಅವತ್ತು ಬಂದಿದ್ಲಾ ಅವಳು?"

ಕೆಮ್ಮಿನ ಹಿಂದೆಯೇ ಗೋಡೆಯಾಚೆ ಇಬ್ಬರು ಹೆಂಗಸರು ಮಾತಾಡುವ ಗುಂಯ್ ಗುಂಯ್ ಶುರುವಾಯಿತು. ಅಷ್ಟರಲ್ಲಿ ಮಗ ಇಟ್ಟಿಗೆ ಹಿಡಿದು ಓಡಿಬಂದವನು ಫೋನಿಗೆ ಕೈ ಹಾಕಿ ನಿಲ್ಲಿಸಿದ.

ಆ ಕೆಮ್ಮು ಬೇಕರಿಯಮ್ಮನಿಗೆ ಆ ಇಡೀ ಬೆಳಗನ್ನು ಎದುರಿಗೆ ತಂದು ನಿಲ್ಲಿಸಿತ್ತು. ತೊಟ್ಟಿಲಿದ್ದದ್ದು ನಡುಮನೆಯಲ್ಲಿ, ಅಡುಗೆಮನೆಯ ಗೋಡೆಗೆ ತಾಗಿ. ಸೊಸೆ ಹೆರಿಗೆ ರಜೆ ಮುಗಿಸಿ ಹೊಲಿಗೆ ಕೆಲಸಕ್ಕೆ ಹೊರಟ ಹೊಸತು. ತಾನು ಬೇಕರಿ ಬಿಟ್ಟು ಮನೆ ಹಿಡಿದು ಕೂತ ಹೊಸತು. ಹೊಟ್ಟೆಯೊಳಗೆ ಬೆಂಕಿ ಉರಿಯುತ್ತಿದ್ದ ಕಾಲ. ನೋಡಲು ಬಂದ ತಂಗಿಯ ಮುಂದೆ ಅವಳು ಅಂದದ್ದು ಇಷ್ಟು: "ಹೆತ್ತು ಕೊಟ್ಟಿದ್ದಷ್ಟೇ ಅವಳ ಕೆಲಸ. ಮಗು ನನ್ನ ಕೈಗೆ ಬಂದಾಯ್ತು. ಇನ್ನು ಅವಳು ಇದ್ದರೆಷ್ಟು, ಹೋದರೆಷ್ಟು!"

ಅದು ಆ ಕಾಲದ ಮಾತು. ಈಗ ಆ ಸೊಸೆಯೇ ಅವಳ ಬಲಗೈ. ಮಂಡಿ ಹಿಡಿದು ಬಚ್ಚಲಿಗೂ ಹೋಗಲಾರದೆ ಬಿದ್ದಿದ್ದಾಗ ಎತ್ತಿ ಕೂರಿಸಿ ನೀರು ಹಾಕಿದವಳು ಅವಳು. ಸಂಜೆ ಅವಳು ಬರುವವರೆಗೆ ಇವಳು ಟೀ ಕುಡಿಯುತ್ತಿರಲಿಲ್ಲ. ಒಂದೇ ಲೋಟದ ಟೀಯನ್ನು ಎರಡು ಮಾಡಿ ಕುಡಿದರೇ ಇಬ್ಬರಿಗೂ ಸಮಾಧಾನ. ಹದಿಮೂರು ವರ್ಷದ ಹಿಂದೆ ಬಾಯಿಂದ ಜಾರಿದ್ದನ್ನು ಒಂದು ಡಬ್ಬ ಈಗ ಹೆಕ್ಕಿ ತಂದು ಅವಳ ಮುಂದೆ ಹಾಕಿದರೆ?

"ಇದೇ ಸಾಕು ಕಣೋ" ಅಂದಳು ಬೇಕರಿಯಮ್ಮ ದನಿ ಏರಿಸಿ. "ಇದಕ್ಕಿಂತ ಚೆನ್ನಾಗಿ ಇನ್ಯಾವುದು ಕೇಳುತ್ತೆ? ಇಟ್ಕೋ, ಮುಗಿಸು."

"ಅತ್ತೆ ಹೇಳಿದ್ದೇ ಸರಿ" ಅಂದಳು ಸೊಸೆ ತಕ್ಷಣ. "ನಮಗಿದು ಹೆಚ್ಚೇ ಆಯ್ತು."

ಅಯ್ಯೋ ನನ್ನ ಮಾತಿಗೆ ಎಷ್ಟು ಬೇಗ ದನಿಗೂಡಿಸಿದಳು, ಇಂಥವಳನ್ನು ಹಾಗಂದೆನಲ್ಲ ಎಂದು ಬೇಕರಿಯಮ್ಮನ ಸಂಕಟ ಇನ್ನಷ್ಟು ಹೆಚ್ಚಿತು.

"ಇಲ್ಲಮ್ಮ, ಇದು ಮಂಕು" ಅಂದ ಮಗ. "ಮಂಜು ಹಿಡಿದ ಕನ್ನಡಕ ಇದ್ದ ಹಾಗೆ. ಇನ್ನೂ ಸ್ವಚ್ಛ ಇರೋದು ತರಿಸ್ತೀನಿ."

ಅಲ್ಲಿಂದ ಬೇಕರಿಯಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೇಳೆಗೆ ಎರಡು ಸಲ ಉಪ್ಪು ಹಾಕಿದಳು. ಹಾಲು ಉಕ್ಕಿಸಿದಳು. ಮಹಡಿ ಮೇಲೆ ಒಂದು ಕುರ್ಚಿ ಸರಿದರೂ ಕೆಳಗೆ ಅವಳು ಸೌಟು ಹಿಡಿದೇ ಮೆಟ್ಟಿಲ ಬುಡಕ್ಕೆ ಬರುತ್ತಿದ್ದಳು. ಕೊನೆಗೆ ಚೂಟಿಯನ್ನು ಹಿತ್ತಲಿಗೆ ಕರೆದಳು.

"ಪುಟ್ಟಾ, ನಿಮ್ಮಪ್ಪನ ಫೋನಿನಲ್ಲಿ ಆ ತೊಟ್ಟಿಲ ಸದ್ದು ಇದೆಯಲ್ಲ, ಅದನ್ನ ಅಳಿಸಿಬಿಡ್ತೀಯಾ?"

"ಯಾಕಜ್ಜಿ?"

"ಸುಮ್ಮನೆ. ದೃಷ್ಟಿಯಾಗುತ್ತೆ."

"ಯಾರಿಗೆ? ಆ ಮಗು ಬೆಳೆದು ನಾನಾಗಿದ್ದೀನಿ, ಇನ್ನೇನು ದೃಷ್ಟಿ? ಅಳಿಸಿದ್ರೂ ಪ್ರಯೋಜನ ಇಲ್ಲ, ಅಪ್ಪ ಅದನ್ನ ನಾಲ್ಕು ಕಡೆ ಇಟ್ಟಿದ್ದಾರೆ." ಚೂಟಿ ಕಣ್ಣು ಕಿರಿದು ಮಾಡಿದಳು. "ಅದರಲ್ಲಿ ಏನಿದೆ ಅಜ್ಜಿ?"

"ನಿನ್ನ ಜೊಲ್ಲಿದೆ. ಹೋಗು, ಓದ್ಕೋ ಹೋಗು."

ಎರಡನೇ ಜೋಡಿ ಬರುವಷ್ಟರಲ್ಲಿ ಸೊಸೆ ತನ್ನ ಅಂಗಡಿಯಿಂದ ಉಳಿಕೆ ಬಟ್ಟೆಯ ಗಂಟು ಹೊತ್ತು ತಂದಿದ್ದಳು. ದಪ್ಪನೆಯ ಮಖಮಲ್ಲು, ಒಳಗೆ ಹತ್ತಿ ಇಟ್ಟು ಹೊಲಿದ ಪರದೆ. ಕಿಟಕಿಗೆ ಹಾಕಿದಳು, ಬಾಗಿಲಿಗೆ ಹಾಕಿದಳು, ಕಿಟಕಿಯೇ ಇಲ್ಲದ ಗೋಡೆಗೂ ಹಾಕಿದಳು. "ಸಿನಿಮಾ ರೂಮಿಗೆ ಬಟ್ಟೆ ಇರಬೇಕಂತೆ, ಅತ್ತೆ" ಅಂದಳು. ಕೆಲಸದಿಂದ ಬಂದು ಮತ್ತೆ ಸೂಜಿ ಹಿಡಿದು ಕೂರುವಳು. ಅವಳ ಬೆರಳಿಗೆ ಜಡ್ಡು ಕಟ್ಟಿತ್ತು. ಬೇಡವೆಂದು ಗೊಣಗುತ್ತಿದ್ದವಳು ಗಂಡನಿಗಾಗಿ ಹೇಗೆ ದುಡಿಯುತ್ತಾಳೆ ನೋಡು ಎಂದು ಬೇಕರಿಯಮ್ಮ ಸೂಜಿಗೆ ದಾರ ಪೋಣಿಸಿ ಕೊಡುತ್ತಾ ಪಕ್ಕದಲ್ಲೇ ಕೂತಿರುತ್ತಿದ್ದಳು. ಮನಸ್ಸಿನೊಳಗೆ, ಇನ್ನೊಂದು ಪದರ ಹಾಕು ತಾಯಿ, ಇನ್ನೊಂದು ಹಾಕು, ಅನ್ನುತ್ತಿದ್ದಳು.

ಸ್ಪೀಕರಿನವನು ಎರಡನೇ ಜೋಡಿ ಇಟ್ಟು ಹಾಕಿದ. ಕೂಸಿನ ತೊದಲು ಕಂಬಳಿಯೊಳಗಿನಿಂದ ಬಂದಂತೆ ಬಂತು. ಅವನು ಕಿವಿ ನೀವಿಕೊಂಡ.

"ಏನ್ ಸಾರ್ ಇದು, ಸದ್ದಿಗೆ ಉಸಿರೇ ಕಟ್ಟಿಹೋಗಿದೆ! ಇಷ್ಟು ಬಟ್ಟೆ ಯಾರು ಹಾಕಿದ್ದು?"

"ನಾನು" ಅಂದಳು ಸೊಸೆ. "ಚೆನ್ನಾಗಿದೆಯಲ್ಲ? ಮೆತ್ತಗೆ ಕೇಳುತ್ತೆ."

"ಮೆತ್ತಗೇ ಚೆಂದ" ಅಂದಳು ಬೇಕರಿಯಮ್ಮ.

ಮಗ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ನಿಮ್ಮಿಬ್ಬರದೂ ಯಾವತ್ತಿಂದ ಇಷ್ಟು ಒಮ್ಮತ?" ಅಂದ.

"ಸಿನಿಮಾ ಯಾವತ್ತು ಹಾಕ್ತೀಯೋ?" ಅಂದ ತಾತ. "ವಾರವಾರ ಬರೀ ಈ ಕೂಸೇ ಆಯ್ತು. ಟಿಕೆಟ್ ತಗೊಂಡು ಸ್ಟ್ಯಾಂಡಿನಲ್ಲೇ ಕೂತ ಹಾಗಾಗಿದೆ ನನಗೆ."

ಮುಂದಿನ ಭಾನುವಾರ ಬಂದದ್ದು ಮೂರನೇ ಜೋಡಿ. ಚೂಟಿಯ ಎತ್ತರಕ್ಕಿತ್ತು ಒಂದೊಂದೂ. ಸ್ಪೀಕರಿನವನು ಬಂದವನೇ ಬಟ್ಟೆಗಳನ್ನೆಲ್ಲ ಬಿಚ್ಚಿಸಿದ. ಸೊಸೆ "ಇದೊಂದಿರಲಿ, ಅದೊಂದಿರಲಿ" ಎನ್ನುತ್ತಾ ಹಿಂದೆ ಹಿಂದೆ ಸುತ್ತಿದಳು, ಅವನು ಕಿಟಕಿಯದೊಂದು ಬಿಟ್ಟು ಒಂದನ್ನೂ ಉಳಿಸಲಿಲ್ಲ. ಕೂಸಿನ ಸದ್ದನ್ನು ಈ ಸಲ ಸ್ಪೀಕರಿಗೆ ಜೋಡಿಸುವ ತನ್ನದೇ ಒಂದು ಪೆಟ್ಟಿಗೆಗೆ ಇಳಿಸಿಕೊಂಡಿದ್ದ. "ಫೋನು ಇಷ್ಟು ದೊಡ್ಡ ಸ್ಪೀಕರಿಗೆ ಅವಮಾನ ಸಾರ್" ಅಂದ.

ಹಾಕಿದ. ಅದೇ ಹೊತ್ತಿಗೆ ಮಗನ ಫೋನು ಬಡಿದುಕೊಂಡಿತು. ಅಂಗಡಿಯಲ್ಲಿ ಗಿರಾಕಿಯೊಬ್ಬ ನಿನ್ನೆ ಕೊಂಡ ಕನ್ನಡಕದ ಮೇಲೆ ತಾನೇ ಕೂತುಬಿಟ್ಟು ಬಂದು ಗಲಾಟೆ ಮಾಡುತ್ತಿದ್ದನಂತೆ. "ಒಂದ್ನಿಮಿಷ" ಎಂದು ಮಗ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ.

ತೊದಲು ಬಂತು. ಜೊಲ್ಲಿನ ಗುಳ್ಳೆ ಒಡೆದದ್ದು ಕೂಡ ಕೇಳಿತು. ಆಮೇಲೆ ಆ ಫುಸ್ ಎಂಬ ಗಾಳಿ ಗಾಳಿಯಾಗಿ ಉಳಿಯಲಿಲ್ಲ. ಕೂಸಿನ ಕಿವಿಗೆ ತುಟಿ ಹಚ್ಚಿ ಆಡಿದ ಪಿಸುಮಾತಾಗಿ ಎಲ್ಲರ ಕಿವಿಗೂ ಬಂತು. ಸೊಸೆಯ ದನಿ.

"ಕಂದಾ, ಬೇಗ ದೊಡ್ಡವಳಾಗು. ನಾವಿಬ್ಬರೂ ಇಲ್ಲಿಂದ ಹೋಗಿಬಿಡೋಣ. ಇದು ನಮ್ಮನೆ ಅಲ್ಲ, ನಿಮ್ಮಜ್ಜಿ ಮನೆ. ನಿಮ್ಮಪ್ಪನೂ ಅವರಿಗೇ ಇರಲಿ."

ಕಿವಿಗೆ ಕಚಗುಳಿಯಾಗಿ ಕೂಸು ಕೇಕೆ ಹಾಕಿ ನಕ್ಕಿತು.

ಸೊಸೆ ಬಿಚ್ಚಿದ ಪರದೆಯನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದಳು. ಕಾಲು ಹೂತುಹೋದವಳ ಹಾಗೆ. ಬೇಕರಿಯಮ್ಮನಿಗೆ ಆ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲು ಪುರಸೊತ್ತಿರಲಿಲ್ಲ. ನಗು ಮುಗಿಯಿತು, ಇನ್ನು ತನ್ನದು ಬರುತ್ತದೆ, ಅಷ್ಟೇ ಅವಳಿಗೆ ಗೊತ್ತಾದದ್ದು. ಮಂಡಿ ನೋವು ಮರೆತು ಎದ್ದಳು. ಪೆಟ್ಟಿಗೆಯ ಮುಂದೆ ದೊಡ್ಡದೊಂದು ಗುಂಡಿ ಹೊಳೆಯುತ್ತಿತ್ತು. ಹಿಡಿದು ಬಲಕ್ಕೆ ತಿರುಗಿಸಿದಳು. ಒಲೆಯ ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಉರಿ ಇಳಿಯುತ್ತದೆ, ಪೂರ್ತಿ ತಿರುಗಿಸಿದರೆ ಆರುತ್ತದೆ. ಅರ್ಧ ಆಯಸ್ಸು ಹಾಗೇ ತಿರುಗಿಸಿದ ಕೈ ಅದು.

ಇದು ಒಲೆಯಾಗಿರಲಿಲ್ಲ. ತಂಗಿಯ ಕೆಮ್ಮು ಸಿಡಿಲಿನ ಹಾಗೆ ಹೊಡೆಯಿತು. ಬೇಕರಿಯಮ್ಮ ಗಾಬರಿಯಲ್ಲಿ ಇನ್ನೂ ಬಲಕ್ಕೆ ತಿರುಗಿಸಿದಳು. ಆಮೇಲೆ ಅವಳದೇ ದನಿ, ಬೀದಿಯ ಕೊನೆಗೂ ಕೇಳುವ ಹಾಗೆ, ಹೆತ್ತು ಕೊಟ್ಟಿದ್ದಷ್ಟೇ ಅವಳ ಕೆಲಸ ಅಂದಿತು. ಇದ್ದರೆಷ್ಟು ಅಂದಿತು. ಹೋದರೆಷ್ಟು ಅಂದಿತು. ಕಿಟಕಿಯ ಗಾಜು ನಡುಗಿತು.

ಸ್ಪೀಕರಿನವನು ಹಾರಿಬಂದು ನಿಲ್ಲಿಸಿದ. ಬಾಲ್ಕನಿಯ ಬಾಗಿಲಲ್ಲಿ ಮಗ ಫೋನು ಕಿವಿಗಿಟ್ಟುಕೊಂಡೇ ನಿಂತಿದ್ದ.

"ಸದ್ದೇನೋ... ಸ್ಪಷ್ಟವಾಗಿದೆ ಸಾರ್" ಅಂದ ಸ್ಪೀಕರಿನವನು ಸಣ್ಣ ದನಿಯಲ್ಲಿ. ಚಪ್ಪಲಿ ಹುಡುಕಿಕೊಂಡು ಇಳಿದುಹೋದ.

"ಅಮ್ಮಾ" ಅಂದಳು ಚೂಟಿ. "ಮತ್ತೆ ನಾವ್ಯಾಕೆ ಹೋಗಲಿಲ್ಲ?"

ಸೊಸೆ ಪರದೆ ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು.

ಆ ವಾರ ಮನೆಯಲ್ಲಿ ಪಾತ್ರೆಗಳು ಮಾತಾಡಿದವು, ಜನ ಮಾತಾಡಲಿಲ್ಲ. ಸೊಸೆ ತನ್ನ ಊಟದ ಡಬ್ಬಿ ತಾನೇ ಕಟ್ಟಿಕೊಂಡು ಹೊರಟಳು. ಸಂಜೆ ಟೀಯ ಹೊತ್ತಿಗೆ ಬಾರದೆ ತಡಮಾಡಿದಳು. ಬೇಕರಿಯಮ್ಮ ಒಂದು ಲೋಟದ ಟೀ ಮುಂದಿಟ್ಟುಕೊಂಡು, ಕೆನೆ ಕಟ್ಟುವವರೆಗೆ ನೋಡಿ, ಮೋರಿಗೆ ಚೆಲ್ಲಿದಳು.

"ಎರಡು ಬಸ್ಸು ಸಣ್ಣ ರಸ್ತೆಯಲ್ಲಿ ಎದುರುಬದುರು ನಿಂತಿವೆ" ಅಂದ ತಾತ, ಯಾರಿಗೆಂದಿಲ್ಲದೆ. "ಹಿಂದಕ್ಕೆ ಯಾರೂ ತೆಗೆಯೋ ಹಾಗೆ ಕಾಣಲ್ಲ."

ಬೇಕರಿಯಮ್ಮ ಮಗನನ್ನು ಹಿಡಿದುಕೊಂಡಳು.

"ನಗು ಬಂದ ಕೂಡಲೇ ನಿಲ್ಲಿಸ್ತಿದ್ದೆಯಲ್ಲ, ನಿನಗೆ ಗೊತ್ತಿತ್ತು ಹಾಗಾದರೆ."

"ಗೊತ್ತಿತ್ತು."

"ಯಾವತ್ತಿಂದ?"

"ಅವತ್ತಿಂದಲೇ. ಕಿವಿಗೆ ಹಾಕ್ಕೊಂಡು ಎಷ್ಟು ಸಲ ಕೇಳಿದ್ದೀನಿ. ಅವಳು ಪಿಸುಗುಟ್ಟಿದ್ದೂ ಗೊತ್ತು, ನೀನಂದಿದ್ದೂ ಗೊತ್ತು. ಅಲ್ಲಿಗೇ ಕಿತ್ತು ಇಡ್ತಿದ್ದೆ, ಮುಂದಕ್ಕೆ ಕೇಳಿಲ್ಲ."

"ಗೊತ್ತಿದ್ದೂ ಅದನ್ನೇ ಹಾಕ್ತೀಯಲ್ಲೋ! ಲೋಕದಲ್ಲಿ ಬೇರೆ ಸದ್ದಿರಲಿಲ್ವೇನೋ ನಿನಗೆ?"

"ಅವನು ಪರಿಚಯ ಇರೋದು ತನ್ನಿ ಅಂದ" ಎಂದ ಮಗ ತಲೆ ತಗ್ಗಿಸಿ. "ಬೇರೆಯವರಿಗೆ ಅದು ಬರೀ ಗಾಳಿ ಅಂತ ಕೇಳುತ್ತೆ ಅಂದ್ಕೊಂಡೆ."

"ಜನಕ್ಕೆಲ್ಲ ಕನ್ನಡಕ ಹಾಕ್ತೀಯ, ನಿನಗೊಂದು ಹಾಕ್ಕೋ."

ಶುಕ್ರವಾರ ಬೆಳಿಗ್ಗೆ ಕಟ್ಟೆ ಒಡೆಯಿತು. ಸೊಸೆ ಡಬ್ಬಿಗೆ ಅನ್ನ ತುಂಬುತ್ತಿದ್ದಳು.

"ನಾನು ಕಟ್ತಿದ್ದೆ" ಅಂದಳು ಬೇಕರಿಯಮ್ಮ.

"ಇರಲಿ ಬಿಡಿ ಅತ್ತೆ. ನಾನು ತಿಂದರೆಷ್ಟು, ಬಿಟ್ಟರೆಷ್ಟು."

"ಓಹೋ. ಚುಚ್ಚು, ಚೆನ್ನಾಗಿ ಚುಚ್ಚು. ನೀನೇನು ಕಮ್ಮಿಯವಳಾ? ಗಂಡನ್ನ ನನಗೆ ಬಿಟ್ಟು, ಎಳೇ ಕೂಸಿನ ಕಿವಿ ಊದಿದವಳು."

"ಹೋಗ್ತೀನಿ ಅಂದೆ. ಹೋದ್ನಾ?"

"ನಾನೇನು ಹೋಗು ಅಂದ್ನಾ? ಹೋದರೆಷ್ಟು ಅಂದೆ."

"ಎರಡೂ ಒಂದೇ."

"ಒಂದೇ ಅಲ್ಲ!"

"ನನಗೆ ಒಂದೇ ಅತ್ತೆ." ಸೊಸೆ ಮುಚ್ಚಳ ಅದುಮಿದಳು. ಅದು ಕೂರಲಿಲ್ಲ, ಮತ್ತೆ ಅದುಮಿದಳು. "ಎರಡು ವಾರ ರಾತ್ರಿ ಹಗಲು ಬಟ್ಟೆ ಹೊಲಿದು ಹೊದಿಸಿದೆನಲ್ಲ, ಯಾಕೆ ಅಂದ್ಕೊಂಡ್ರಿ? ನಾನಂದ ಮಾತು ನಿಮ್ಮ ಕಿವಿಗೆ ಬಿದ್ದು ನಿಮಗೆ ನೋವಾದೀತು ಅಂತ. ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಡ್ತಿದ್ರಿ. ಒಂದೊಂದು ಹೊಲಿಗೆ ಹಾಕುವಾಗಲೂ ನನ್ನ ಜೀವ ಹೋಗ್ತಿತ್ತು."

ಬೇಕರಿಯಮ್ಮ ಬಾಯಿ ತೆರೆದಳು. ನಾನೂ ಅದಕ್ಕೇ ಪೋಣಿಸಿ ಕೊಡುತ್ತಿದ್ದೆ ಎಂದು ಹೇಳಹೊರಡುವಷ್ಟರಲ್ಲಿ ಸೊಸೆ ಹೊರಟುಹೋದಳು.

ಭಾನುವಾರ ಸ್ಪೀಕರಿನವನು ಬರುವುದಿತ್ತು. ಇಟ್ಟುಕೊಳ್ಳುತ್ತಾರೋ ಒಯ್ಯುವುದೋ, ಅವತ್ತು ಹೇಳಬೇಕಿತ್ತು. ಊಟ ಮುಗಿದ ಮೇಲೆ ಮಗ, "ಬೇಡ, ಒಯ್ಯಲಿ. ಈರುಳ್ಳಿಯೇ ಇರಲಿ ಅಲ್ಲಿ" ಅಂದ.

"ಒಯ್ಯೋ ಮುಂಚೆ ಒಂದು ಸಲ ಪೂರ್ತಿ ಹಾಕ್ರೀ" ಅಂದಳು ಸೊಸೆ.

"ಯಾಕೆ ಈಗ?"

"ಅರ್ಧ ಕೇಳಿ ಬಿಟ್ಟಿದ್ದು ತಲೆಯೊಳಗೆ ಅದೇ ಸುತ್ತುತ್ತಾ ಇದೆ. ಹೊಲಿಗೆ ಮೆಷೀನು ತುಳಿದರೂ ಅದೇ, ಬಸ್ಸಿನಲ್ಲಿ ಕೂತರೂ ಅದೇ. ಇನ್ನೇನೇನು ಅಂದಿದ್ದಾರೋ ಎಲ್ಲಾ ಕೇಳಿಯೇಬಿಡ್ತೀನಿ. ಒಂದೇ ಸಲ ಮುಗಿದುಹೋಗಲಿ."

ಎಲ್ಲರೂ ಮಹಡಿ ಹತ್ತಿದರು. ಸೊಸೆ ಕಿಟಕಿಯಲ್ಲಿ ಉಳಿದಿದ್ದ ಒಂದು ಪರದೆಯನ್ನೂ ತಾನೇ ಕಿತ್ತಳು. ಬೇಕರಿಯಮ್ಮ ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ಇನ್ನೇನಂದಿದ್ದೆನೋ ಅವಳಿಗೆ ನೆನಪಿರಲಿಲ್ಲ. ಒಳ್ಳೆಯದಂತೂ ಇರಲಾರದು ಎಂದು ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು.

ಪಿಸುಮಾತು ಬಂತು. ಮಗ ನೆಲ ನೋಡಿದ. ನಗು ಬಂತು. ಕೆಮ್ಮು, ಬೇಕರಿಯಮ್ಮನ ಮಾತು. ಸೊಸೆ ಕಣ್ಣು ಮುಚ್ಚಿದಳು. ಯಾರೂ ನಿಲ್ಲಿಸಲಿಲ್ಲ.

"ಹಾಗನ್ನಬೇಡ ಬಿಡಕ್ಕ" ಅಂದಿತು ತಂಗಿಯ ದನಿ. ಪಾತ್ರೆ ಸರಿಸಿದ ಸದ್ದು. ಒಂದಿಷ್ಟು ಹೊತ್ತು ಏನೂ ಇಲ್ಲ. ಆಮೇಲೆ ದೂರದಿಂದ, ಅಡುಗೆಮನೆಯ ಆಚೆ ಕೊನೆಯಿಂದ, ಕಿವಿಗೊಟ್ಟರೆ ಮಾತ್ರ ಸಿಗುವಷ್ಟು:

"ಅಯ್ಯೋ, ಡಬ್ಬಿ ಇಲ್ಲೇ ಬಿಟ್ಟು ಹೋಗಿದೆಯಲ್ಲೇ ದರಿದ್ರದ್ದು!"

"ಹೋಗ್ಲಿ ಬಿಡಕ್ಕ, ಹೊರಗೆಲ್ಲಾದ್ರೂ ತಿಂತಾಳೆ."

"ಎಲ್ಲಿ ತಿಂತಾಳೆ ಅವಳು, ಒಂದು ಬನ್ನು ಕೊಳ್ಳೋಕೂ ಕೈ ಹಿಡಿಯುತ್ತೆ ಅವಳದು. ಹಾಲೂಡಿಸೋ ಮೈ ಬೇರೆ. ಮಗು ನೋಡ್ಕೋ, ಬಂದೆ."

ಚಿಲಕ ಎಳೆದ ಸದ್ದು. ಪಟ ಪಟ ಪಟ ಎಂದು ಚಪ್ಪಲಿ ಓಡಿದ ಸದ್ದು, ಸಣ್ಣದಾಗುತ್ತಾ, ಬೀದಿಗೆ ಇಳಿದು, ಇಲ್ಲವಾಯಿತು. ಕೂಸು ಒಂದೇ ತ್ತ, ತ್ತ ಅನ್ನುತ್ತಾ ಉಳಿಯಿತು. ಅಲ್ಲಿಗೆ ರೆಕಾರ್ಡರಿನ ಕಸುವು ಮುಗಿದಿತ್ತೋ ಏನೋ, ಸದ್ದು ನಿಂತಿತು.

"ಬಸ್ಸು ಹತ್ತಿಯಾಗಿತ್ತು ನಾನು" ಅಂದಳು ಸೊಸೆ. "ಕಿಟಕಿಯೊಳಗಿಂದ ತುರುಕಿದ್ರಿ. ತಲೆ ಎಲ್ಲಿಟ್ಟಿದ್ದೀಯಾ ಅಂತ ಎಲ್ಲರ ಮುಂದೆ ಬೈದ್ರಿ."

"ಹೌದಾ? ನನಗೆ ನೆನಪಿಲ್ಲ ಕಣೇ."

"ನನಗಿದೆ. ಡಬ್ಬಿ ಇನ್ನೂ ಬಿಸಿ ಇತ್ತು."

"ಅದಕ್ಕೇ ನಾವು ಹೋಗಲಿಲ್ವಾ ಅಮ್ಮ?" ಅಂದಳು ಚೂಟಿ.

"ಅಷ್ಟಕ್ಕೇ ಯಾರಾದ್ರೂ ಉಳೀತಾರೇನೇ?" ಸೊಸೆ ಮೂಗು ಒರೆಸಿಕೊಂಡಳು. "ಅವತ್ತು ಹೋಗಲಿಲ್ಲ, ಅಷ್ಟೇ. ಮಾರನೇ ದಿನ ಇನ್ನೇನೋ ಕೆಲಸ ಬಂತು."

ಕೆಳಗೆ ಸ್ಪೀಕರಿನವನು ಬಾಗಿಲು ತಟ್ಟುತ್ತಿದ್ದ. ಮಗ ಎದ್ದವನು ಅರ್ಧಕ್ಕೇ ನಿಂತ. ಹೋಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಅದೇ ಹಳೇ ಮಾತು.

"ಅಮ್ಮ, ಸುಳ್ಳು ಹೇಳಬೇಡ. ಮೊದಲನೇದಾ, ಎರಡನೇದಾ, ಇದಾ?"

ಬೇಕರಿಯಮ್ಮ ಸೊಸೆಯ ಕಡೆ ನೋಡಿದಳು. ಸೊಸೆ ಬಿಚ್ಚಿದ ಪರದೆಯನ್ನು ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

"ಇದೇ" ಅಂದಳು ಬೇಕರಿಯಮ್ಮ. "ಚಿಲಕ ತೆಗೆದಿದ್ದು ಇದರಲ್ಲಿ ತಾನೇ ಕೇಳಿದ್ದು."

"ಅಷ್ಟು ದುಡ್ಡು ಕೊಟ್ಟು ಒಂದು ಚಿಲಕ ಕೊಂಡ್ವಿ" ಅಂದ ತಾತ. "ಇನ್ನಾದ್ರೂ ಸಿನಿಮಾ ಹಾಕ್ತೀಯೇನೋ?"

ಸೋಮವಾರ ಬೆಳಿಗ್ಗೆ ಡಬ್ಬಿಯನ್ನು ಬೇಕರಿಯಮ್ಮನೇ ಕಟ್ಟಿದಳು. ಕಟ್ಟಿ ಅಡುಗೆಕಟ್ಟೆಯ ಮೇಲಿಟ್ಟಳು. ಸೊಸೆ ಅದನ್ನು ನೋಡಿದಳೋ ಇಲ್ಲವೋ, "ಬರ್ತೀನಿ ಅತ್ತೆ" ಅಂದು ಹೋದಳು. ಹೋದ ಮೇಲೆ ನೋಡಿದರೆ ಡಬ್ಬಿ ಕಟ್ಟೆಯ ಮೇಲೇ ಇದೆ.

"ಮರೆತಳೋ, ಬೇಕಂತಲೇ ಬಿಟ್ಟಳೋ?" ಅಂದ ತಾತ ಪೇಪರಿನ ಮರೆಯಿಂದ.

"ಮಂಡಿ ಹಿಡಿದ ಮುದುಕಿ ಓಡ್ತಾಳೋ ಇಲ್ವೋ ನೋಡೋಣ ಅಂತಿರಬೇಕು ದರಿದ್ರದ್ದು" ಅಂದಳು ಬೇಕರಿಯಮ್ಮ. ಅನ್ನುವಾಗಲೇ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನದು ಸಿಕ್ಕಿಸಿಕೊಂಡು ಆಗಿತ್ತು. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಚಿಲಕ ಎಳೆದಳು. ಮಹಡಿ ಮೇಲೆ ಹೊಸ ಸ್ಪೀಕರಿಗೆ ತಂತಿ ಸಿಕ್ಕಿಸುತ್ತಿದ್ದ ಮಗ ಆ ಸದ್ದಿಗೆ ಕೈಲಿದ್ದ ತಂತಿ ಕೆಳಗಿಟ್ಟು ಕೇಳಿಸಿಕೊಂಡ.